ಕಲ್ಲು ಬಂದ ದಾರಿ: ಕೊಲೋನಿನಲ್ಲಿ ನಾಲ್ಕು ದಿನ

ಮೊದಲ ದಿನ, ಶುಕ್ರವಾರ ಸಂಜೆ

ಜರ್ಮನಿಯ ಕೊಲೋನ್ ಊರಿನ ರೈಲು ನಿಲ್ದಾಣದ ಬಾಗಿಲು ದಾಟುವಾಗ ಮಳೆ ಹನಿಯುತ್ತಿತ್ತು. ತಲೆ ತಗ್ಗಿಸಿ ಕೊಡೆ ಬಿಚ್ಚುವ ಗಡಿಬಿಡಿಯಲ್ಲಿದ್ದೆ. "ರೀ, ಅದು ಆಮೇಲಾಗ್ಲಿ, ಮೇಲೆ ನೋಡಿ" ಅಂದಳು ನನ್ನಾಕೆ.

ನೋಡಿದೆ. ಮೆಟ್ಟಿಲುಗಳಾಚೆ, ಕಲ್ಲೆಸೆದರೆ ತಾಗುವಷ್ಟು ಹತ್ತಿರದಲ್ಲಿ, ಕಪ್ಪು ಕಲ್ಲಿನ ಗುಡ್ಡವೊಂದು ಎದ್ದು ನಿಂತಿತ್ತು. ಜೋಡಿ ಗೋಪುರಗಳ ತುದಿ ಮೋಡದೊಳಗೆ ಹೋಗಿ ಕಾಣಿಸುತ್ತಲೇ ಇರಲಿಲ್ಲ. ಮೂವತ್ತಮೂರು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಕಟ್ಟಡ, ಸೇತುವೆ ಅಂತ ಓಡಾಡಿದವನು ನಾನು. ಕಟ್ಟಡ ಕಂಡರೆ ಮೊದಲು ಎತ್ತರ ಅಂದಾಜು ಮಾಡುವುದು ಕಣ್ಣಿನ ಅಭ್ಯಾಸ. ಅವತ್ತು ಕಣ್ಣು ಆ ಕೆಲಸಕ್ಕೇ ಹೋಗಲಿಲ್ಲ. ಮಳೆಯಲ್ಲಿ ನೆನೆಯುತ್ತ ನಿಂತುಬಿಟ್ಟೆ.

ಮಗಳು ಆಖೆನ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿಂದ ಕೊಲೋನಿಗೆ ರೈಲಿನಲ್ಲಿ ಒಂದು ಗಂಟೆಯ ಹಾದಿ. ಅಕ್ಟೋಬರಿನಲ್ಲಿ ಅವಳಿಗೆ ನಾಲ್ಕು ದಿನ ಬಿಡುವಿತ್ತು. ಅದನ್ನು ಪೂರ್ತಿ ಈ ಒಂದು ಊರಿಗೇ ಇಡೋಣ ಅಂದಿದ್ದೆ. ಒಂದೇ ವಾರದಲ್ಲಿ ಐದು ದೇಶ ನೋಡಿ ಬಂದವರ ಫೋಟೋ ನಮ್ಮ ಬಳಗದಲ್ಲಿ ಬೇಕಾದಷ್ಟಿವೆ. ನನಗೆ ಒಂದು ಕಟ್ಟಡವನ್ನು ಕೈಯಿಂದ ಮುಟ್ಟಿ ನೋಡುವಷ್ಟು ಸಮಯ ಬೇಕಿತ್ತು.

ನಿಲ್ದಾಣದೆದುರು ಕಂಡ ಆ ಕ್ಯಾಥೆಡ್ರಲನ್ನು ಇಲ್ಲಿಯವರು ಬರೀ 'ಡೋಮ್' ಅನ್ನುತ್ತಾರೆ. ಗುಮ್ಮಟ ಅಂತಲ್ಲ, ಬಿಷಪ್ಪರ ಪ್ರಧಾನ ದೇವಾಲಯ ಅಂತ ಅರ್ಥ. ಗುಮ್ಮಟವಂತೂ ಇಲ್ಲವೇ ಇಲ್ಲ, ಎಲ್ಲ ಗೀಟು ಎಳೆದಂತೆ ನೆಟ್ಟಗೆ ಆಕಾಶಕ್ಕೆ. ಎದುರಿನ ಬಯಲಲ್ಲಿ ಗಾಳಿ ವಿಪರೀತ. ಗೋಪುರಗಳಿಗೆ ಬಡಿದ ಗಾಳಿ ಸುತ್ತಿಕೊಂಡು ಕೆಳಕ್ಕೆ ಇಳಿಯುತ್ತದೆ. ನನ್ನ ಕೊಡೆ ಎರಡೇ ನಿಮಿಷದಲ್ಲಿ ಉಲ್ಟಾ ಆಗಿ ಎರಡು ಕಡ್ಡಿ ಮುರಿಯಿತು. ಈ ಊರಿಗೆ ಬರುವವರು ಕೊಡೆಗಿಂತ ತಲೆಗವುಸು ಇರುವ ಜಾಕೆಟ್ಟು ತರುವುದೇ ಮೇಲು.

ರಾತ್ರಿ ಊಟಕ್ಕೆ ಹಳೇ ಪೇಟೆಯ ಒಂದು ಬ್ರೂವರಿಗೆ ಹೋದೆವು. ಮರದ ಉದ್ದ ಮೇಜು, ಅಪರಿಚಿತರ ಪಕ್ಕದಲ್ಲೇ ಕೂರಬೇಕು. ನೀಲಿ ಏಪ್ರನ್ ಕಟ್ಟಿದ ಪರಿಚಾರಕರಿಗೆ ಇಲ್ಲಿ 'ಕ್ಯೋಬೆಸ್' ಅನ್ನುತ್ತಾರೆ. ಈ ಊರಿನ ಬಿಯರ್ ಹೆಸರು ಕ್ಯೋಲ್ಷ್, 200 ಮಿಲಿಲೀಟರಿನ ತೆಳು ಗ್ಲಾಸಿನಲ್ಲಿ ಕೊಡುತ್ತಾರೆ. ಗ್ಲಾಸು ಖಾಲಿಯಾದರೆ ಕೇಳದೆಯೇ ಇನ್ನೊಂದು ಇಟ್ಟು, ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುತ್ತಾರೆ. ಸಾಕು ಅನ್ನಬೇಕಾದರೆ ಬಿಲ್ಲೆಯನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ಮಾತೇ ಬೇಡ. ನಾವು ಸೇಬಿನ ರಸಕ್ಕೆ ಸೋಡ ಬೆರೆಸಿದ್ದನ್ನು ತರಿಸಿಕೊಂಡೆವು. ಬರೀ ನೀರು ಕೇಳಿದರೂ ಇಲ್ಲಿ ಗ್ಯಾಸ್ ತುಂಬಿದ ನೀರೇ ಬರುತ್ತದೆ. ನನ್ನಾಕೆ ಮಾತ್ರೆ ನುಂಗಲು ಅದನ್ನು ಕುಡಿದು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು. ಗ್ಯಾಸಿಲ್ಲದ ನೀರು ಬೇಕಾದರೆ 'ಷ್ಟಿಲ್' ಅಂತ ಬಿಡಿಸಿ ಹೇಳಬೇಕು.

ನಾವು ಸಸ್ಯಾಹಾರಿಗಳು. ಮಗಳು ನಮಗಾಗಿ ಹೇಳಿದ ತಿಂಡಿಯ ಹೆಸರು 'ಹಾಲ್ವರ್ ಹಾನ್', ಅಂದರೆ ಅರ್ಧ ಹುಂಜ. ಅವರಮ್ಮ ತಟ್ಟೆ ಬರುವವರೆಗೂ ಅನುಮಾನದಲ್ಲೇ ಕೂತಿದ್ದಳು. ಬಂದದ್ದು ರೈ ಹಿಟ್ಟಿನ ಕಂದು ಬನ್ನು, ಅದರ ಜೊತೆ ಬೆರಳು ದಪ್ಪದ ಚೀಸು, ಸಾಸಿವೆ, ಬಿಲ್ಲೆ ಹೆಚ್ಚಿದ ಹಸಿ ಈರುಳ್ಳಿ. ಹುಂಜದ ಸುಳಿವೂ ಇಲ್ಲ. ಸಾಸಿವೆಯ ಘಾಟು ಮೂಗಿಗೆ ಏರಿದಾಗ ಆ ಚಳಿಯಲ್ಲಿ ಹಿತವಾಗಿತ್ತು.

ಎರಡನೆಯ ದಿನ, ಶನಿವಾರ

ಬೆಳಿಗ್ಗೆ ಎಂಟಕ್ಕೆಲ್ಲ ಡೋಮ್ ಬಾಗಿಲಲ್ಲಿದ್ದೆವು. ಹತ್ತರ ನಂತರ ಪ್ರವಾಸಿಗರ ಗುಂಪು ಶುರುವಾಗುತ್ತದೆ, ಅಷ್ಟರೊಳಗೆ ಒಳಗಿರಬೇಕು. ನಾವು ಹೋದಾಗ ಒಳಗೆ ಹೋಗಲು ಟಿಕೆಟ್ ಇರಲಿಲ್ಲ. ಗೋಪುರ ಹತ್ತುವುದಕ್ಕೆ ಮಾತ್ರ ದುಡ್ಡು. ದೊಡ್ಡ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ, ಗಂಡಸರು ಟೋಪಿ ತೆಗೆಯಬೇಕು. ಕೆಂಪು ನಿಲುವಂಗಿ ತೊಟ್ಟ ಕಾವಲಿನವರು ಓಡಾಡುತ್ತಿರುತ್ತಾರೆ, ಪೂಜೆಯ ಹೊತ್ತಿನಲ್ಲಿ ಸುತ್ತಾಡುವವರನ್ನು ಮೆಲ್ಲಗೆ ಹೊರಗೆ ಕಳಿಸುತ್ತಾರೆ.

ಕಟ್ಟಡದ ಕಥೆ ಹೇಳದೆ ಮುಂದೆ ಹೋಗಲಾರೆ. 1164ರಲ್ಲಿ ಆರ್ಚ್‌ಬಿಷಪ್ ರೈನಾಲ್ಡ್ ಫಾನ್ ಡಾಸೆಲ್ ಎಂಬವನು ಮಿಲಾನಿನಿಂದ ಮೂವರು ಜ್ಞಾನಿಗಳ ಅಸ್ಥಿಗಳನ್ನು ಇಲ್ಲಿಗೆ ತಂದ. ಹಸುಗೂಸು ಯೇಸುವನ್ನು ನೋಡಲು ನಕ್ಷತ್ರ ಹಿಡಿದು ಬಂದರಲ್ಲ, ಅವರದೇ ಎಂಬ ನಂಬಿಕೆ. ಯಾತ್ರಿಕರು ಯೂರೋಪಿನ ಮೂಲೆಮೂಲೆಯಿಂದ ಬರತೊಡಗಿದರು, ಇದ್ದ ಗುಡಿ ಸಾಲದಾಯಿತು. 1248ರ ಆಗಸ್ಟ್ 15ರಂದು ಹೊಸದಕ್ಕೆ ಅಡಿಗಲ್ಲು ಇಟ್ಟರು. ಗರ್ಭಗುಡಿಯ ಭಾಗ ಎದ್ದಿತು, ತೆಂಕಣ ಗೋಪುರ ಅರ್ಧಂಬರ್ಧ ಏರಿತು. ಆಮೇಲೆ ದುಡ್ಡೂ ಮನಸ್ಸೂ ಕರಗುತ್ತ ಬಂದು ಹದಿನಾರನೇ ಶತಮಾನದಲ್ಲಿ ಕೆಲಸ ನಿಂತೇಹೋಯಿತು. ಕಲ್ಲು ಎತ್ತುವ ಮರದ ಕ್ರೇನು ಆ ಮೊಂಡು ಗೋಪುರದ ತಲೆಯ ಮೇಲೆ ಹಾಗೇ ಉಳಿಯಿತು, 1868ರಲ್ಲಿ ಬಿಚ್ಚುವವರೆಗೂ. ಹಳೇ ಚಿತ್ರಗಳಲ್ಲಿ ಊರಿನ ಗುರುತೇ ಆ ಕ್ರೇನು. ತಲೆಮಾರುಗಳೇ ಅದನ್ನು ನೋಡುತ್ತ ಹುಟ್ಟಿ, ನೋಡುತ್ತ ಸತ್ತವು.

ಅರ್ಧಕ್ಕೆ ನಿಂತ ಕಾಮಗಾರಿ ಅಂದರೇನು ಅಂತ ನನಗೆ ಗೊತ್ತು. ನಮ್ಮೂರು ಹಳೇಬೀಡಿನ ಮಗ್ಗುಲಲ್ಲೇ. ಬಳಪದ ಕಲ್ಲಿನಲ್ಲಿ ಗೀಟು ಹಾಕಿ ಬಿಟ್ಟ ಶಿಲ್ಪಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಕೈಯವರು ಮತ್ತೆ ಬರಲಿಲ್ಲ. ಕೊಲೋನಿನವರು ಮಾತ್ರ ಮುನ್ನೂರು ವರ್ಷ ಬಿಟ್ಟು ಮತ್ತೆ ಸಾರವೆ ಕಟ್ಟಿದರು. 1842ರಲ್ಲಿ ಎರಡನೇ ಬಾರಿ ಅಡಿಗಲ್ಲು. 1880ರಲ್ಲಿ ಎರಡೂ ಗೋಪುರ 157 ಮೀಟರಿಗೆ ಮುಟ್ಟಿದವು. ನಾಲ್ಕು ವರ್ಷ ಜಗತ್ತಿನ ಅತಿ ಎತ್ತರದ ಕಟ್ಟಡ ಇದೇ ಆಗಿತ್ತು.

ಮತ್ತೆ ಶುರುಮಾಡಲು ಅವರಿಗೆ ದಾರಿ ತೋರಿಸಿದ್ದು ಒಂದು ನಕ್ಷೆ. ಗರ್ಭಗುಡಿಯ ಸುತ್ತಿನ ಪ್ರದಕ್ಷಿಣೆಯಲ್ಲಿ ಒಂದು ಚಿಕ್ಕ ಚಾಪೆಲ್ ಇದೆ, ಅಲ್ಲಿ ಅದನ್ನು ಇಟ್ಟಿದ್ದಾರೆ. ಬೆಳಕು ತಾಗದ ಹಾಗೆ ಪರದೆ. ಚರ್ಮದ ಹಾಳೆಗಳನ್ನು ಜೋಡಿಸಿ, ಪಡುವಣ ಮುಖವನ್ನು ಶಾಯಿಯಲ್ಲಿ ಬರೆದದ್ದು, ನಾಲ್ಕು ಮೀಟರಿಗೂ ಎತ್ತರ. ಕಳೆದುಹೋಗಿದ್ದ ಇದರ ಒಂದರ್ಧ 1814ರಲ್ಲಿ ಡಾರ್ಮ್‌ಷ್ಟಾಟ್‌ನಲ್ಲಿ ಸಿಕ್ಕಿತು. ಯಾರೋ ಅದರ ಮೇಲೆ ಹುರುಳಿಕಾಯಿ ಒಣಗಿಸುತ್ತಿದ್ದರು ಎಂದು ಕಥೆ ಹೇಳುತ್ತಾರೆ. ಎರಡು ವರ್ಷದ ಮೇಲೆ ಇನ್ನರ್ಧ ಪ್ಯಾರಿಸಿನಲ್ಲಿ ಸಿಕ್ಕಿತು. ನಾನು ಆ ಪರದೆಯ ಮುಂದೆ ಬಹಳ ಹೊತ್ತು ನಿಂತೆ. ಕಚೇರಿಯಲ್ಲಿ ಮೂವತ್ತು ವರ್ಷದ ಹಿಂದಿನ ನಕ್ಷೆ ಹುಡುಕಲು ನಾವು ಪಟ್ಟ ಪಾಡು ನೆನಪಾಯಿತು. ಅಲ್ಲಿ ಗೀಟು ಎಳೆದವನ ಕೈಗೂ ಅದನ್ನು ಕಲ್ಲಾಗಿಸಿದವರ ಕೈಗೂ ನಡುವೆ ಆರುನೂರು ವರ್ಷ.

ನನ್ನಾಕೆಗೆ ಮಂಡಿನೋವು. ಗೋಪುರಕ್ಕೆ 533 ಮೆಟ್ಟಿಲು, ಲಿಫ್ಟ್ ಇಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿ ನಾನೂ ಮಗಳೂ ಹತ್ತಿದೆವು. ಸುರುಳಿ ಮೆಟ್ಟಿಲು, ಹತ್ತುವವರೂ ಇಳಿಯುವವರೂ ಅದರಲ್ಲೇ. ಎದುರು ಜನ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಸೊಂಟದ ಮಟ್ಟದಲ್ಲಿ ಗೋಡೆಯ ಕಲ್ಲು ಕೈ ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದ ಹಾಗೆ ನುಣುಪಾಗಿದೆ. ನಡುದಾರಿಯಲ್ಲಿ ಗಂಟೆಗಳ ಕೋಣೆ. ದೊಡ್ಡ ಗಂಟೆಗೆ ಊರಿನವರಿಟ್ಟ ಹೆಸರು 'ಡಿಕೆ ಪಿಟರ್', ದಪ್ಪ ಪೀಟರ್. 24 ಟನ್ ತೂಕ, 1923ರಲ್ಲಿ ಎರಕ ಹೊಯ್ದದ್ದು. ಅದಕ್ಕೂ ಮುಂಚೆ ಇಲ್ಲಿ ಇನ್ನೂ ಭಾರದ ಗಂಟೆಯಿತ್ತು. ಫ್ರೆಂಚರಿಂದ ವಶಪಡಿಸಿಕೊಂಡ ತೋಪುಗಳನ್ನು ಕರಗಿಸಿ ಮಾಡಿದ್ದು. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ಆ ಗಂಟೆಯನ್ನೇ ಒಡೆದು ಯುದ್ಧಕ್ಕೆ ಕರಗಿಸಿದರು. ಇದನ್ನು ಓದಿ ಹೇಳಿದ ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೇಲಿನ ಮೊಗಸಾಲೆ ನೂರು ಮೀಟರಿನ ಹತ್ತಿರ ಇದೆ. ಮಳೆ ನಿಂತಿತ್ತು. ರೈನ್ ನದಿ ಬೂದುಬಣ್ಣದಲ್ಲಿ ಬಳಸಿಕೊಂಡು ಹೋಗುತ್ತಿತ್ತು, ಸೇತುವೆಯ ಮೇಲೆ ರೈಲಿನ ಬಾಲದ ಹಿಂದೆಯೇ ಇನ್ನೊಂದು ರೈಲು. ನನಗೆ ಅದಕ್ಕಿಂತ ಹತ್ತಿರದ್ದು ಬೇಕಾಗಿತ್ತು. ಅಲ್ಲಿಂದ ನೋಡಿದರೆ ಒಂದೇ ಗೋಡೆಯಲ್ಲಿ ನಾಲ್ಕೈದು ಬಣ್ಣದ ಕಲ್ಲು ಕಾಣುತ್ತವೆ. ಕಪ್ಪಾದ ಮರಳುಗಲ್ಲು, ಬೂದಿ ಬಣ್ಣದ ಬಸಾಲ್ಟು, ಈಚೆಗೆ ಕೂರಿಸಿದ ಕೆನೆಬಣ್ಣದವು. ಹೊಸ ಹಲ್ಲಿನ ಹಾಗೆ ಅವು ಹೊಳೆಯುತ್ತವೆ. ಕಲ್ಲಿದ್ದಲಿನ ಹೊಗೆ, ಗಂಧಕ, ಮಳೆ ಸೇರಿ ಎಲ್ಲವನ್ನೂ ನಿಧಾನಕ್ಕೆ ಕಪ್ಪು ಮಾಡುತ್ತವೆ.

ಕೆಳಗಿಳಿದು ಬಂದರೆ ನನ್ನಾಕೆ ಬೆಂಚಿನ ಮೇಲಿರಲಿಲ್ಲ. ಗಾಬರಿಯಾಗಿ ಹುಡುಕಿದೆವು. ಬಡಗಣ ಭಾಗದಲ್ಲಿ, ಸಾಲುಸಾಲು ಮೇಣದ ಬತ್ತಿಗಳ ಮುಂದೆ ನಿಂತಿದ್ದಳು. ಬಿಳಿ ಉಡುಪಿನ ಸಣ್ಣ ಮೇರಿ ವಿಗ್ರಹ. ಮೈತುಂಬ ಉಂಗುರ, ಸರ, ಬ್ರೂಚು, ಕೈಗಡಿಯಾರ ಕೂಡ. ಕೇಳಿಕೊಂಡದ್ದು ನಡೆದವರು ತಂದು ಒಪ್ಪಿಸಿದ್ದು. ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

"ಹರಕೆ ಕಣ್ರೀ" ಅಂದಳು. "ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈಗೆ ಒಂದು ಬತ್ತಿ ಕೊಟ್ರು. ನಾನೂ ಹಚ್ಚಿದೆ."

"ಏನ್ ಕೇಳ್ಕೊಂಡೆ ಅಮ್ಮ?"

"ನಿಂಗ್ಯಾಕೆ ಅದು" ಅಂದು ಮಗಳ ಕೆನ್ನೆ ತಟ್ಟಿದಳು.

ಹಾಗೇ ಮೂವರೂ ತೆಂಕಣ ತೋಳಿಗೆ ಬಂದಾಗ ಹೊರಗೆ ಬಿಸಿಲು ಬಿತ್ತು. ಅಲ್ಲಿರುವುದು ಚಿತ್ರಕಲಾವಿದ ಗೆರ್ಹಾರ್ಡ್ ರಿಕ್ಟರ್ ಮಾಡಿದ ಕಿಟಕಿ, 2007ರದು. ಎರಡನೇ ಮಹಾಯುದ್ಧದಲ್ಲಿ ಹಳೇ ಗಾಜು ಹೋದ ಜಾಗಕ್ಕೆ 72 ಬಣ್ಣಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ಗಾಜಿನ ಚೌಕ. ಸಂತರಿಲ್ಲ, ಕಥೆಯಿಲ್ಲ, ಬರೀ ಚೌಕ. ಆಗಿನ ಆರ್ಚ್‌ಬಿಷಪ್ಪರಿಗೇ ಇದು ಹಿಡಿಸಲಿಲ್ಲ. ಚಿತ್ರದಲ್ಲಿ ನೋಡಿದ್ದಾಗ ನನಗೂ ಹಿಡಿಸಿರಲಿಲ್ಲ. ಬಿಸಿಲು ಬಿದ್ದ ಕೂಡಲೇ ಅಷ್ಟೂ ಬಣ್ಣ ಕಂಬಗಳ ಮೇಲಿಂದ ಜಾರಿ ನೆಲಕ್ಕೆ ಬಂತು. ನನ್ನಾಕೆಯ ಕೆನೆಬಣ್ಣದ ಸೀರೆಯ ಮೇಲೆ ಹಸಿರು, ನೀಲಿ, ಕಾವಿ. ಅವಳು ಕೈ ಚಾಚಿದಳು. ಅಂಗೈ ಮೇಲೆ ಒಂದು ಕೆಂಪು, ಅಂಚು ಮಸುಕು. ಮೋಡ ಮುಚ್ಚಿತು, ಅಂಗೈ ಮತ್ತೆ ಅಂಗೈಯಾಯಿತು. ರಿಕ್ಟರ್ ಕಿಟಕಿ ನೋಡುವವರು ಮಧ್ಯಾಹ್ನದ ಹೊತ್ತಿಗೇ ಹೋಗಿ, ಬಿಸಿಲು ಬರುವವರೆಗೆ ಕಾಯಿರಿ.

ಜ್ಞಾನಿಗಳ ಅಸ್ಥಿಪೆಟ್ಟಿಗೆ ಪೀಠದ ಹಿಂದೆ ಗಾಜಿನೊಳಗಿದೆ. ವೆರ್ದೂನಿನ ನಿಕೋಲಾಸ್ ಎಂಬ ಅಕ್ಕಸಾಲಿಗನೂ ಅವನ ಜೊತೆಯವರೂ ಚಿನ್ನ, ಬೆಳ್ಳಿ, ರತ್ನಗಳಲ್ಲಿ ದಶಕಗಟ್ಟಲೆ ದುಡಿದು ಮಾಡಿದ್ದು. ದೂರದಿಂದ ನೋಡಿದೆವು. ಸೆಪ್ಟೆಂಬರ್ ಕೊನೆಯ ಯಾತ್ರೆಯ ದಿನಗಳಲ್ಲಿ ಬಂದರೆ ಅದರ ಕೆಳಗೆ ನುಸುಳಿ ಹೋಗಲು ಬಿಡುತ್ತಾರಂತೆ. ನಾವು ಮೂರು ವಾರ ತಡ.

ಅವತ್ತಿನ ದಿನದಲ್ಲಿ ನನಗೆ ಎಲ್ಲಕ್ಕಿಂತ ಉಳಿದದ್ದು ಮಧ್ಯಾಹ್ನದ ಮಾತುಕತೆ. ಹತ್ತಿರದ ತಳ್ಳುಗಾಡಿಯಂಥ ಅಂಗಡಿಯಲ್ಲಿ 'ರೈಬೆಕೂಖೆನ್' ಕರಿಯುತ್ತಿದ್ದರು. ತುರಿದ ಆಲೂಗಡ್ಡೆಗೆ ಈರುಳ್ಳಿ ಹಾಕಿ ಬಿಲ್ಲೆ ತಟ್ಟಿ ಎಣ್ಣೆಯಲ್ಲಿ ಕರಿದದ್ದು, ಒಂದು ತಟ್ಟೆಗೆ ಮೂರು, ಜೊತೆಗೆ ಸಿಹಿ ಸೇಬಿನ ಗೊಜ್ಜು. ಸಾಮಾನ್ಯವಾಗಿ ಮೊಟ್ಟೆ ಬೆರೆಸುತ್ತಾರೆ, ತಿನ್ನದವರು ಕೇಳಿಕೊಳ್ಳಬೇಕು. ಮಗಳು ಕೇಳಿದಳು, ಆ ಅಂಗಡಿಯಲ್ಲಿ ಹಾಕುತ್ತಿರಲಿಲ್ಲ. ಅಂಚು ಗರಿಗರಿ, ನಡು ಮೆತ್ತಗೆ. ಡೋಮಿನ ತೆಂಕಣ ಬದಿಯ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಹೆಂಗಸು ಬ್ರೆಡ್ಡು ತಿನ್ನುತ್ತಿದ್ದಳು. ನಲವತ್ತರ ಆಸುಪಾಸು. ಪ್ಯಾಂಟಿನ ತುಂಬ ಬಿಳಿ ಧೂಳು, ಉಗುರಿನ ಸಂದಿಯಲ್ಲೂ. ಕಲ್ಲಿನ ಧೂಳು ನನಗೆ ಗುರುತು ಸಿಗದೆ ಇರುತ್ತದೆಯೇ? ಕೇಳಲು ಮಗಳಿಗೆ ಹೇಳಿದೆ. ಊಹೆ ಸರಿ. ಡೋಮಿಗೇ ಅಂತ ಇರುವ ಕಾರ್ಯಾಗಾರದಲ್ಲಿ ಕಲ್ಲುಕೆಲಸ. ವರ್ಷಪೂರ್ತಿ ಕಲ್ಲುಕುಟಿಗರು, ಗಾಜಿನವರು, ಕಮ್ಮಾರರು, ಸಾರವೆ ಕಟ್ಟುವವರು ಇದೊಂದೇ ಕಟ್ಟಡಕ್ಕೆ ದುಡಿಯುತ್ತಾರೆ. ಅವತ್ತು ಶನಿವಾರವಾದರೂ ಅರ್ಧಕ್ಕೆ ಬಿಟ್ಟ ಒಂದು ಕಲ್ಲಿನ ಎಲೆಯನ್ನು ಮುಗಿಸಲು ಬಂದಿದ್ದಳು.

ನಾನು ಇಂಜಿನಿಯರ್ ಅಂತ ಗೊತ್ತಾದ ಮೇಲೆ ಕಾಗದದ ಕರವಸ್ತ್ರ ಬಿಡಿಸಿ ಪೆನ್ಸಿಲ್ ತೆಗೆದಳು. ಎರಡು ಕಲ್ಲು ಬರೆದಳು, ನಡುವೆ ಒಂದು ಸಲಾಕಿ. ಹಳಬರು ಕಲ್ಲಿಗೆ ಕಲ್ಲು ಕೂಡಿಸಲು ಕಬ್ಬಿಣದ ಸಲಾಕಿ ಇಟ್ಟು ಸೀಸ ಹೊಯ್ದಿದ್ದರು. ನೀರು ಇಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಿಡಿದಾಗ...? ಪೆನ್ಸಿಲ್ ನನ್ನ ಕೈಗೆ ಕೊಟ್ಟಳು. ನಾನು ಸಲಾಕಿಯ ಸುತ್ತ ದಪ್ಪ ಗೆರೆ ಬಳಿದು ಕಲ್ಲಿಗೆ ಬಿರುಕು ಎಳೆದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಲ್ಲನ್ನು ಸೀಳುತ್ತದೆ. ನಮ್ಮಲ್ಲಿ ತಾರಸಿಯ ಕಾಂಕ್ರೀಟು ಚಕ್ಕೆ ಏಳುವುದು ಇದರಿಂದಲೇ. ಎಷ್ಟು ಶಾಲೆಗಳ ಸೂರಿನ ಕೆಳಗೆ ನಿಂತು ಇದೇ ಚಿತ್ರವನ್ನು ಗುತ್ತಿಗೆದಾರರಿಗೆ ಬರೆದು ತೋರಿಸಿದ್ದೇನೆ! ಅವಳು ಜೋರಾಗಿ "ಗೆನಾವ್!" ಅಂದಳು. 'ಅದೇ' ಅಂತ. ಈಗ ಅವರು ತುಕ್ಕು ಹಿಡಿಯದ ಉಕ್ಕು ಬಳಸುತ್ತಾರೆ.

ಯಾವಾಗ ಮುಗಿಯುತ್ತೆ ಅಂತ ನನ್ನಾಕೆ ಕೇಳಿಸಿದಳು. ಡೋಮ್ ಮುಗಿದ ದಿನ ಪ್ರಪಂಚ ಮುಗಿಯುತ್ತದೆ ಎಂಬ ಮಾತು ಈ ಊರಲ್ಲಿದೆ, ಅದನ್ನೇ ಹೇಳಿ ಆ ಹೆಂಗಸು ನಕ್ಕಳು. ಏಳುವ ಮುಂಚೆ ನನ್ನನ್ನು ಒಂದು ಹಳೇ ಕಲ್ಲಿನ ಹತ್ತಿರ ಕರೆದು, ಬೆರಳಿಟ್ಟು ತೋರಿಸಿದಳು. ಬೂದುಗಲ್ಲಿನೊಳಗೆ ಉಗುರಿನಷ್ಟು ಅಗಲದ ಬಿಳಿ ಹರಳುಗಳು, ಅವಲಕ್ಕಿ ಚೆಲ್ಲಿದ ಹಾಗೆ. "ಡ್ರಾಖೆನ್‌ಫೆಲ್ಸ್" ಅಂದಳು. ಮೊದಲ ಮುನ್ನೂರು ವರ್ಷದ ಕಲ್ಲು ಬಂದದ್ದು ಆ ಬೆಟ್ಟದಿಂದ, ದೋಣಿಯಲ್ಲಿ. ಹೋಗಿ ನೋಡಿ ಅಂದಳು. ಕರವಸ್ತ್ರ ನನ್ನ ಪಾಸ್‌ಪೋರ್ಟಿನ ಚೀಲದಲ್ಲಿ ಈಗಲೂ ಇದೆ.

ಸಂಜೆ ಪೇಟೆ ಸುತ್ತಿದೆವು. ಫರೀನಾ ಅಂಗಡಿಯ ಮುಂದೆ ನನ್ನಾಕೆ ನಿಂತಳು. ಯೋಹಾನ್ ಮರಿಯ ಫರೀನಾ ಎಂಬ ಇಟಲಿಯವನು ಈ ಊರಲ್ಲಿ ಸುಗಂಧದ್ರವ್ಯ ಮಾಡಿ, ತನಗೆ ಆಸರೆ ಕೊಟ್ಟ ಊರಿನ ಹೆಸರನ್ನೇ ಅದಕ್ಕಿಟ್ಟ. ಅಂಗಡಿ ಶುರುವಾದದ್ದು 1709ರಲ್ಲಿ. ಅದೇ ನಮ್ಮ ಮನೆಗಳ ಯೂಡಿಕೊಲೋನ್. ಜ್ವರ ಬಂದರೆ ಹಣೆಗೆ ಅದರ ಪಟ್ಟಿ ಹಾಕುತ್ತಿದ್ದರಲ್ಲ! 'ಕೊಲೋನಿನ ನೀರು' ಎಂಬ ಅರ್ಥ ನಮಗೆ ತಿಳಿದದ್ದು ಅಲ್ಲಿ. ಚಿಕ್ಕ ಶೀಸೆ ಒಂದನ್ನು ಅವಳು ಮೂಸಿ, "ಅಮ್ಮನ ಕೈ ವಾಸನೆ" ಅಂದಳು. ಕೊಂಡೆವು.

ಮೂರನೆಯ ದಿನ, ಭಾನುವಾರ

ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ. ಮಗಳು ಎಚ್ಚರಿಸಿದ್ದಳು, ಪೇಟೆ ಸುತ್ತುವ ಭರದಲ್ಲಿ ಹಾಲು, ಮೊಸರು ತರಲು ಮರೆತೆವು. ಕೊನೆಗೆ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿಯಾಯಿತು, ಅಲ್ಲಿ ಭಾನುವಾರವೂ ತೆರೆದಿರುತ್ತದೆ.

ಅಲ್ಲಿಂದ ಎಲ್-ಡಿ ಹೌಸ್‌ಗೆ ನಡೆದೆವು. ಒಬ್ಬ ಒಡವೆ ವ್ಯಾಪಾರಿ ಕಟ್ಟಿಸಿದ ಕಟ್ಟಡ, ಅವನ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. 1935ರಿಂದ 1945ರವರೆಗೆ ಹಿಟ್ಲರನ ಗುಪ್ತ ಪೊಲೀಸರು ಇಲ್ಲಿದ್ದರು. ನೆಲಮಾಳಿಗೆಯಲ್ಲಿ ಹತ್ತು ಸೆರೆಕೋಣೆ. ಗೋಡೆಗಳ ಮೇಲೆ ಕೈದಿಗಳು ಬರೆದ ಸುಮಾರು 1,800 ಬರಹಗಳನ್ನು ಹಾಗೇ ಉಳಿಸಿದ್ದಾರೆ. ಪೆನ್ಸಿಲ್, ಸುಣ್ಣದಕಡ್ಡಿ, ಉಗುರು, ಮೊಳೆ, ಸಿಕ್ಕಿದ್ದರಲ್ಲಿ ಬರೆದವು. ಬಹಳಷ್ಟು ರಷ್ಯನ್, ಉಕ್ರೇನಿಯನ್ ಲಿಪಿಯಲ್ಲಿ, ದುಡಿಸಲು ಎಳೆದು ತಂದ ಹುಡುಗ ಹುಡುಗಿಯರದು. ದಿನ ಲೆಕ್ಕ ಹಾಕಿದ ಗೀಟುಗಳು. ಶುಕ್ರವಾರ ರಾತ್ರಿ ಬ್ರೂವರಿಯ ಬಿಲ್ಲೆಯ ಮೇಲೆ ಕಂಡಂಥವೇ, ನಾಲ್ಕು ಉದ್ದಕ್ಕೆ, ಒಂದು ಅಡ್ಡಕ್ಕೆ. ಒಂದು ಕಡೆ ಗೀಟುಗಳು ಸಾಲಿನ ನಡುವೆಯೇ ನಿಂತಿದ್ದವು. ಮಗಳು ನನ್ನ ತೋಳು ಹಿಡಿದಳು. ಕೊಲೋನಿಗೆ ಬಂದವರು ಚಾಕೊಲೇಟ್ ಮ್ಯೂಸಿಯಂ ಬಿಟ್ಟರೂ ಇದನ್ನು ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ. ಚಾಕೊಲೇಟಿನದಕ್ಕೆ ನಾವು ಹೋಗಲೇ ಇಲ್ಲ.

ಹೊರಗೆ ಬಂದು ಯಾರೂ ಮಾತಾಡದೆ ನದಿಯತ್ತ ನಡೆದೆವು. ಹೋಹೆನ್‌ತ್ಸೊಲರ್ನ್ ಸೇತುವೆಯ ಬೇಲಿಯ ತುಂಬ ಪ್ರೇಮಿಗಳು ಹಾಕಿದ ಬೀಗಗಳು, ಬಣ್ಣಬಣ್ಣದವು, ಬೀಗದ ಮೇಲೆ ಬೀಗ. ಪಕ್ಕದಲ್ಲಿ ರೈಲು ಹೋದಾಗ ಅಷ್ಟೂ ಬೀಗ ಕಿಣಿಕಿಣಿ ನಡುಗುತ್ತವೆ. ಈ ಸೇತುವೆಯನ್ನು 1945ರ ಮಾರ್ಚ್ 6ರಂದು ಹಿಂದೆಗೆಯುತ್ತಿದ್ದ ಜರ್ಮನ್ ಸೇನೆಯೇ ಸಿಡಿಸಿತು. ಆಗಿನ ಫೋಟೋ ನೋಡಿದ್ದೇನೆ. ಸೇತುವೆಯ ಕಮಾನುಗಳು ನೀರಿಗೆ ಮೂತಿ ಹಾಕಿ ಬಿದ್ದಿವೆ, ಊರೆಲ್ಲ ಇಟ್ಟಿಗೆ ರಾಶಿ, ನಡುವೆ ಡೋಮ್ ಒಂದೇ ನಿಂತಿದೆ. ಹದಿನಾಲ್ಕು ಬಾಂಬು ಬಿದ್ದರೂ ನಿಂತದ್ದು. ಅದರ ಸೂರಿನ ಚೌಕಟ್ಟು ಹತ್ತೊಂಬತ್ತನೇ ಶತಮಾನದ ಕಬ್ಬಿಣದ್ದು. ಮರದ್ದಾಗಿದ್ದರೆ ಬೆಂಕಿಗೆ ಹೋಗುತ್ತಿತ್ತು. 1943ರಲ್ಲಿ ಬಡಗಣ ಗೋಪುರದ ಬುಡಕ್ಕೆ ಏಟು ಬಿದ್ದು ದೊಡ್ಡ ಗುಂಡಿಯಾದಾಗ, ಕುಸಿಯದಂತೆ ಅವಸರದಲ್ಲಿ ಇಟ್ಟಿಗೆ ಕಟ್ಟಿ ತುಂಬಿದರು. ಬಾಂಬು ಬೀಳುತ್ತಿದ್ದ ಊರಿನಲ್ಲಿ ಗಾರೆ ಕಲಸಿ ಇಟ್ಟಿಗೆ ಇಟ್ಟವರು ಯಾರೋ! ಆ ಕೆಂಪು ತೇಪೆ 2005ರವರೆಗೂ ಕಾಣುತ್ತಿತ್ತಂತೆ, ಈಗ ಕಲ್ಲಿನಿಂದ ಮುಚ್ಚಿದ್ದಾರೆ. ನಾನು ಆ ಮೂಲೆಗೆ ಹೋಗಿ ಹೊಸ ಕಲ್ಲಿನ ಅಂಚನ್ನು ಹುಡುಕಿ ನೋಡಿ ಬಂದೆ.

ಸೇತುವೆ ದಾಟಿದರೆ ಡಾಯ್ಟ್ಸ್. ಅಲ್ಲಿನ ಟ್ರಯಾಂಗಲ್ ಕಟ್ಟಡದ ತಾರಸಿಗೆ ಲಿಫ್ಟ್ ಇದೆ, ಮಂಡಿನೋವಿನವರಿಗೂ ಡೋಮನ್ನು ಮೇಲಿನಿಂದ ನೋಡುವ ಅವಕಾಶ. ಡೋಮಿನ ಗೋಪುರ ಹತ್ತಿದರೆ ಡೋಮೇ ಕಾಣುವುದಿಲ್ಲ, ಇಲ್ಲಿ ಕಾಣುತ್ತದೆ. ಈ ದಡದಲ್ಲಿ ಎತ್ತರದ ಕಟ್ಟಡಗಳ ಯೋಜನೆ ಬಂದಾಗ ಯುನೆಸ್ಕೊ 2004ರಲ್ಲಿ ಡೋಮನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಯೋಜನೆ ಬದಲಾಯಿಸಿದ ಮೇಲೆ 2006ರಲ್ಲಿ ತೆಗೆಯಿತು. ಸಂಜೆ ಹೊತ್ತು ದೀಪ ಹತ್ತುವವರೆಗೂ ಅಲ್ಲೇ ನಿಂತೆವು. ಫ್ಲಾಸ್ಕಿನ ಕಾಫಿ ಆರಿಹೋಗಿತ್ತು, ಆದರೂ ಹಂಚಿಕೊಂಡು ಕುಡಿದೆವು.

ನಾಲ್ಕನೆಯ ದಿನ, ಸೋಮವಾರ

ಸೋಮವಾರ ಮ್ಯೂಸಿಯಂಗಳಿಗೆ ರಜೆ. ನನಗೆ ಬೇರೆ ಆಲೋಚನೆಯೇ ಇರಲಿಲ್ಲ, ಡ್ರಾಖೆನ್‌ಫೆಲ್ಸ್‌ಗೆ ಹೋಗಲೇಬೇಕಿತ್ತು.

ಬೆಟ್ಟ ಇರುವುದು ರೈನ್ ನದಿಯ ಬಲದಂಡೆಯ ಕ್ಯೋನಿಗ್ಸ್‌ವಿಂಟರ್‌ನಲ್ಲಿ. ಎರಡೂ ದಂಡೆಗೆ ಬೇರೆ ಬೇರೆ ರೈಲು ಹಳಿ. ಮಾತಾಡುತ್ತ ಎದುರು ನಿಂತಿದ್ದ ರೈಲು ಹತ್ತಿದೆವು, ಅದು ಎಡದಂಡೆಯದು. ಬಾನ್ ನಗರ ದಾಟಿದ ಮೇಲೆ ಬೆಟ್ಟ ನದಿಯಾಚೆ ಕಂಡಾಗಲೇ ತಿಳಿದದ್ದು. ಮಗಳ ಮುಖ ಸಣ್ಣಗಾಯಿತು. ಎದುರು ಸೀಟಿನ ಹಿರಿಯರೊಬ್ಬರು ವಿಚಾರಿಸಿ, "ಮೇಲೆಮ್‌ನಲ್ಲಿ ಇಳೀರಿ, ನದಿ ಕಡೆ ನಡೀರಿ, ಕಡವು ಇದೆ" ಅಂದರು. ಇದ್ದದ್ದು ಕಾರುಗಳನ್ನೂ ಹತ್ತಿಸಿಕೊಳ್ಳುವ ಅಗಲ ದೋಣಿ. ಐದೇ ನಿಮಿಷದ ದಾರಿ. ನಡುನೀರಿನಲ್ಲಿ ಬೆಟ್ಟ ಪೂರ್ತಿ ಎದುರಿಗೆ ನಿಂತಿತು, ತಲೆಯ ಮೇಲೆ ಪಾಳುಬಿದ್ದ ಕೋಟೆಯ ಒಂದು ಗೋಡೆ. ಸರಿಯಾದ ರೈಲು ಹತ್ತಿದ್ದರೆ ನದಿಯ ಮೇಲಿನಿಂದ ಈ ನೋಟ ಸಿಗುತ್ತಿರಲಿಲ್ಲ. ಹೋಗುವವರಿಗೆ ನಾನು ಕಡವಿನ ದಾರಿಯನ್ನೇ ಹೇಳುತ್ತೇನೆ.

ಬೆಟ್ಟಕ್ಕೆ 1883ರಿಂದ ಹಲ್ಲುಗಾಲಿಯ ರೈಲಿದೆ. ನನ್ನಾಕೆ ಕಿಟಕಿ ಪಕ್ಕ ಕೂತಳು. ಬೀಚ್ ಮರಗಳ ಎಲೆ ತಾಮ್ರದ ಬಣ್ಣಕ್ಕೆ ತಿರುಗಿದ್ದವು, ಒದ್ದೆ ಎಲೆಯ ವಾಸನೆ ಒಳಗೆಲ್ಲ. 321 ಮೀಟರ್ ಎತ್ತರದ ಬೆಟ್ಟ, ನಮ್ಮ ಮಲೆನಾಡಿನ ಲೆಕ್ಕಕ್ಕೆ ದಿಬ್ಬ. ಆದರೆ ನದಿಯ ಅಂಚಿನಿಂದಲೇ ಎದ್ದಿರುವುದರಿಂದ ಕಲ್ಲು ಕಡಿದು ಕೆಳಕ್ಕೆ ಜಾರಿಸಿದರೆ ನೇರ ದೋಣಿಗೆ. ನದಿಯ ಹರಿವೂ ಕೊಲೋನಿನ ಕಡೆಗೇ. ಗಣಿಯ ಜಾಗ ಆರಿಸಿದವನಿಗೆ ಸಾಗಣೆಯ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕಡಿದು ಕಡಿದು ಕೋಟೆಯ ಗೋಡೆಯೇ ಕುಸಿಯತೊಡಗಿದಾಗ ಜನ ಎಚ್ಚೆತ್ತರು. 1836ರಲ್ಲಿ, ಆಗ ಈ ನಾಡನ್ನು ಆಳುತ್ತಿದ್ದ ಪ್ರಷ್ಯ ಸರ್ಕಾರ ಬೆಟ್ಟವನ್ನು ಕೊಂಡು ಗಣಿ ನಿಲ್ಲಿಸಿತು. ಆರು ವರ್ಷದ ಮೇಲೆ ಡೋಮಿನ ಕೆಲಸ ಮತ್ತೆ ಶುರುವಾದಾಗ ಮುಖ್ಯವಾಗಿ ಬೇರೆ ಕಡೆಯ ಮರಳುಗಲ್ಲನ್ನು ತರಬೇಕಾಯಿತು. ಅದು ಈಗ ಈ ಹಳೇ ಕಲ್ಲಿಗಿಂತ ಬೇಗ ಸವೆಯುತ್ತಿದೆ.

ಕೋಟೆಯ ಬುಡದ ಕಾಲುದಾರಿಯಲ್ಲಿ ಬಂಡೆ ಹೊರಚಾಚಿತ್ತು. ಪಾಚಿ ಇಲ್ಲದ ಕಡೆ ಕೈಯಿಟ್ಟೆ. ಬೂದು ಮೈ, ಒಳಗೆ ಅವಲಕ್ಕಿ ಚೆಲ್ಲಿದಂಥ ಬಿಳಿ ಹರಳು. ಮಳೆ ತೊಳೆದ ಜಾಗದಲ್ಲಿ ಹರಳಿನ ಅಂಚು ಬೆರಳಿಗೆ ತಾಕುತ್ತಿತ್ತು. ನನ್ನಾಕೆಯ ಕೈ ಹಿಡಿದು ಅದರ ಮೇಲೆ ಇಟ್ಟೆ. "ಮೊನ್ನೆ ಆ ಹುಡುಗಿ ತೋರಿಸಿದ್ದೇ ಅಲ್ವಾ?" ಅಂದಳು. ಚೂರೊಂದು ಕೆಳಗೆ ಬಿದ್ದಿತ್ತು. ಎತ್ತಿಕೊಳ್ಳಲು ಬಗ್ಗಿದೆ. "ಅಪ್ಪ, ಇದು ಸಂರಕ್ಷಿತ ಜಾಗ" ಅಂದಳು ಮಗಳು. ಅಲ್ಲೇ ಬಿಟ್ಟೆ.

ಮೇಲಿನ ಕಟ್ಟೆಯಲ್ಲಿ ಗಾಳಿ ಚಳಿಯಿಂದ ಕೊರೆಯುತ್ತಿತ್ತು. ಕೆಳಗೆ ರೈನ್, ಎರಡು ದ್ವೀಪ, ಕಲ್ಲಿದ್ದಲೋ ಮರಳೋ ತುಂಬಿದ ಉದ್ದನೆಯ ಹಡಗೊಂದು ಕೊಲೋನಿನ ಕಡೆಗೆ ಹೋಗುತ್ತಿತ್ತು. ಆಕಾಶ ತಿಳಿಯಾಗಿದ್ದರೆ ಇಲ್ಲಿಂದ ಡೋಮ್ ಕಾಣುತ್ತದೆ ಅಂತ ರೈಲಿನ ಹಿರಿಯರು ಹೇಳಿದ್ದರು. ಮೂವರೂ ಹುಡುಕಿದೆವು. ನನ್ನ ಕನ್ನಡಕದ ಮೇಲೆ ತುಂತುರು ಕೂತಿತ್ತು. ಮಗಳು ಫೋನಿನ ಕ್ಯಾಮರಾ ಹಿಗ್ಗಿಸಿ ನೋಡಿ, ಬರೀ ಮಂಜು ಅಂದಳು. ನನ್ನಾಕೆ ಸೆರಗು ಬಿಗಿದುಕೊಂಡು, ಹಡಗು ಹೋಗುವ ದಿಕ್ಕನ್ನೇ ನೋಡುತ್ತಿದ್ದಳು.

"ಅಗೋ" ಅಂದಳು. "ಊದಿನಕಡ್ಡಿ ಸಿಕ್ಕಿಸಿದ ಹಾಗೆ. ಎರಡು."

ಕನ್ನಡಕ ಒರೆಸಿಕೊಂಡು ನೋಡಿದೆ.